ಗಾಜಿನಾಚೆಯ ಉಸಿರು

ಹದಿನೇಳನೆಯ ಉಸಿರಿಗೆ ಲೆಕ್ಕ ತಪ್ಪಿತು. ತಪ್ಪಿದರೆ ಬೈದುಕೊಳ್ಳದೆ ಮತ್ತೆ ಒಂದರಿಂದ ಹಿಡಿಯಿರಿ ಎಂದು ಧ್ಯಾನ ಹೇಳಿಕೊಡುವ ಮೇಷ್ಟ್ರು ಹೇಳಿದ್ದರು, ಅವಳು ಹಿಡಿದಳು. ಐದಕ್ಕೆ ಮತ್ತೆ ತಪ್ಪಿತು. ಕಿವಿ ಪರೀಕ್ಷೆ ಮಾಡುವ ಈ ಕೋಣೆಗೆ ಆಸ್ಪತ್ರೆಯಲ್ಲಿ ಎಲ್ಲರೂ ಪೆಟ್ಟಿಗೆ ಎನ್ನುತ್ತಿದ್ದರು. ಗೋಡೆಗೆಲ್ಲ ತೂತುತೂತಿನ ಹಲಗೆ, ಬಾಗಿಲ ಅಂಚಿಗೆ ದಪ್ಪ ರಬ್ಬರು, ಎದುರಿಗೆ ಎರಡು ಪದರದ ಗಾಜು. ಬಾಗಿಲು ಎಳೆದುಕೊಂಡರೆ ಪ್ರಪಂಚದ ಬಾಯಿಗೆ ಯಾರೋ ಕೈ ಒತ್ತಿ ಹಿಡಿದ ಹಾಗೆ. ಆಮೇಲೆ ಕೇಳಿಸುವುದು ತನ್ನದೇ ಸದ್ದು: ಎಂಜಲು ನುಂಗಿದ್ದು, ಕತ್ತಿನ ಮೂಳೆ ಅಲುಗಿದ್ದು, ಕಿವಿಯೊಳಗೆ ರಕ್ತ ಹರಿದಾಡಿದ್ದು. ನಾಲ್ಕು ತಿಂಗಳಿಂದ ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಅವಳು ಇಲ್ಲೇ ಕೂರುತ್ತಿದ್ದಳು. ಇವತ್ತು ಲೆಕ್ಕ ತಪ್ಪುತ್ತಿದ್ದುದಕ್ಕೆ ಕಾರಣ ಹೊರಗೆ ಮೇಜಿನ ಮೇಲಿತ್ತು. ಮಧ್ಯಾಹ್ನದ ಫೈಲುಗಳಲ್ಲಿ ಮೇಲಿನದು ಕ್ರೇನ್ ಓಡಿಸುವವನೊಬ್ಬನದು. ಮೂರು ತಿಂಗಳ ಹಿಂದೆ ಅವಳೇ ಪರೀಕ್ಷೆ ಮಾಡಿ, ಅವಳೇ ಗೆರೆ ಎಳೆದು, ಅವಳೇ ಸಹಿ ಹಾಕಿದ ಹಾಳೆ. ಬಲಗಿವಿಯ ಕೆಂಪು ಸೊನ್ನೆಗಳು, ಎಡಗಿವಿಯ ನೀಲಿ ಗುಣಿಸು ಗುರುತುಗಳು, ಎಲ್ಲ ಒಂದೇ ನೇರಕ್ಕೆ, ಗೆರೆ ಎಲ್ಲೂ ಕೆಳಗೆ ಇಳಿದಿಲ್ಲ. ಇಪ್ಪತ್ತೆರಡು ವರ್ಷ ಕಬ್ಬಿಣದ ಯಾರ್ಡಿನಲ್ಲಿ ದುಡಿದ ನಲವತ್ತೇಳರ ಗಂಡಸಿಗೆ ಹತ್ತು ವರ್ಷದ ಮಗುವಿನ ಕಿವಿ. ಆವತ್ತು ಅವಳಿಗೆ ಖುಷಿಯಾಗಿತ್ತು. ನಿಮ್ಮ ಕಿವಿ ಬಂಗಾರ ಕಣ್ರೀ ಅಂದಿದ್ದಳು. ಆ ಮನುಷ್ಯ ತಲೆ ತಗ್ಗಿಸಿಕೊಂಡು ಹೋಗಿದ್ದ. ಈಗ ಅದೇ ಹಾಳೆಯ ಮೂಲೆಯಲ್ಲಿ ಡಾಕ್ಟರ ಕೈಬರಹ: ಮರುಪರೀಕ್ಷೆ, ಇಂದೇ.

ಒಂದು, ಎರಡು. ಉಸಿರು ಒಳಗೆ, ಉಸಿರು ಹೊರಗೆ, ಆಮೇಲೆ ಒಂದು ಚಿಕ್ಕ ಬಿಡುವು. ಆ ಬಿಡುವಿನಲ್ಲೇ ಇರೋದು ಎಲ್ಲ, ಅಲ್ಲಿ ಕೂರೋದು ಕಲೀರಿ, ಎನ್ನುತ್ತಿದ್ದರು ಮೇಷ್ಟ್ರು. ಅವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು; ಟೈಲರ್ ಅಂಗಡಿಯ ಮಹಡಿಯ ಮೇಲೆ ಚಾಪೆ ಹಾಸಿ ಹನ್ನೆರಡು ಜನರನ್ನು ಕೂರಿಸುತ್ತಿದ್ದರು, ಕೆಳಗಿನ ಹೊಲಿಗೆ ಮೆಷಿನ್ನಿನ ಸದ್ದಿಗೆ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಅಲ್ಲಿಗೆ ಹೋಗುವ ಮೊದಲು ಅವಳ ಸ್ಥಿತಿ ಹೇಳಿಕೊಳ್ಳುವಂತಿರಲಿಲ್ಲ. ದಿನವಿಡೀ ಇದು ಕೇಳಿಸಿತೇ, ಇದು ಕೇಳಿಸಿತೇ ಎಂದು ಬೇರೆಯವರ ಕಿವಿ ಕಾಯುವ ಹೆಂಗಸು ಮನೆಗೆ ಹೋದರೆ ಸ್ಟೀಲು ತಟ್ಟೆ ಇಟ್ಟ ಸದ್ದಿಗೆ ಹೌಹಾರುತ್ತಿದ್ದಳು. ಗಂಡ ಹಲ್ಲುಕಡ್ಡಿಯಲ್ಲಿ ಹಲ್ಲು ಕೆದಕಿದರೆ ಎದ್ದು ಆಚೆ ಹೋಗುತ್ತಿದ್ದಳು. ಒಂದು ಸಂಜೆ ಮಗಳು ಹಾಡಿಕೊಳ್ಳುತ್ತಿದ್ದಾಗ, ಬರೀ ಹಾಡಿಕೊಳ್ಳುತ್ತಿದ್ದಾಗ, ಕೈಯಲ್ಲಿದ್ದ ಬಾಚಣಿಗೆ ಎಸೆದುಬಿಟ್ಟಳು. ಮಗಳ ಹುಬ್ಬಿನ ಮೇಲೆ ಸಣ್ಣ ಗೀರು. ಯಾರಾದರೂ ಕೇಳಿದರೆ ಮಗಳು ಬಾಗಿಲು ತಾಗಿತು ಎನ್ನುತ್ತಿದ್ದಳು, ಅಮ್ಮನ ಕಡೆ ನೋಡದೆ; ಆ ನೋಡದಿರುವಿಕೆಯೇ ಅಮ್ಮನನ್ನು ಮೇಷ್ಟ್ರ ಮಹಡಿ ಹತ್ತಿಸಿತು. ಹತ್ತಿದ್ದು ವ್ಯರ್ಥವಾಗಲಿಲ್ಲ. ಎರಡನೆಯ ತಿಂಗಳಿಗೆ ನಿದ್ದೆ ಬಂತು. ರಕ್ತದೊತ್ತಡ ಇಳಿಯಿತು. ಮಗಳು ಹೋದ ವಾರ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಕಾಲು ಆಡಿಸುತ್ತ ಮತ್ತೆ ಹಾಡಿದಳು, ಅವಳು ತರಕಾರಿ ಹೆಚ್ಚುತ್ತ ಕೇಳಿದಳು. ಇದನ್ನು ಯಾರೂ ಸುಳ್ಳು ಎನ್ನುವಂತಿಲ್ಲ. ಹಾಗಿದ್ದರೆ ಎದೆಯ ಮಧ್ಯೆ ಹೀಗೆ ಬೆರಳಿಟ್ಟು ಒತ್ತಿದಂತಾಗುತ್ತಿರುವುದು ಯಾಕೆ?

ಗಾಜಿನ ಆಚೆ ಗುಮಾಸ್ತ ಕೈಗಡಿಯಾರ ತೋರಿಸುತ್ತ ನಿಂತಿದ್ದ. ಅವಳು ಬಾಗಿಲು ತಳ್ಳಿದಳು. ಕಾರಿಡಾರಿನ ಗದ್ದಲ ಒಮ್ಮೆಲೇ ಮೈಮೇಲೆ ಬಿತ್ತು.

“ಏಳಿ ಮೌನಮ್ಮೋರೇ, ಸಮಾಧಿ ಸಾಕು,” ಅಂದ ಗುಮಾಸ್ತ. ಈ ಹೆಸರು ಇಟ್ಟವನು ಅವನೇ. ಈಗ ಆಯಾಗಳೂ ಹಾಗೇ ಕರೆಯುತ್ತಿದ್ದರು. “ನಿಮ್ಮ ಬಂಗಾರದ ಕಿವಿ ಬಂದೈತೆ. ಜೊತೆಗೆ ಬಂಗಾರದ ಬಾಯೀನೂ. ಬೆಳಗ್ಗೆ ಹತ್ತರಿಂದ ನನ್ನ ತಲೆ ತಿಂದು ಮುಗಿಸಿದ್ದಾರೆ.”

“ಯಾರು?”

“ಆತನ ಹೆಂಡ್ತಿ. ನಿಮಗೆ ಬೇಕಾದಷ್ಟು ಶಾಂತಿ ಇದೆಯಲ್ಲ, ಸ್ವಲ್ಪ ಅವರಿಗೂ ಕೊಡಿ.”

ಬೆಂಚಿನ ತುದಿಯಲ್ಲಿ ಕ್ರೇನಿನವನು ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ. ಅಗಲ ಭುಜ, ಒಗೆದು ಇಸ್ತ್ರಿ ಮಾಡಿದ ಅಂಗಿ, ಕತ್ತಿನವರೆಗೂ ಗುಂಡಿ. ಅವನ ಪಕ್ಕ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಹೆಂಡತಿ. ಸಣ್ಣ ಆಳು, ಧ್ವನಿ ಇನ್ನೂ ಸಣ್ಣ, ಗಾಜಿಗೆ ಉಗುರು ಎಳೆದಂತೆ.

“ನೀವೇನಾ ಮೇಡಂ, ಆ ಪೇಪರ್ ಬರ್ಕೊಟ್ಟಿದ್ದು?” ಎಂದಳು ಎದ್ದು ನಿಂತು. “ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವರಿಗೆ ಎಲ್ಲಾ ಕೇಳ್ಸತ್ತೆ ಅಂತ ಬರ್ದಿದ್ದೀರಿ. ಮನೇಲಿ ನಾನು ಬಾಗ್ಲಲ್ಲಿ ನಿಂತು ಮೂರು ಸಲ ಕೂಗಿದ್ರೆ ಈ ಮನುಷ್ಯ ಪೇಪರ್ ಓದ್ತಾ ಕೂತಿರ್ತಾರೆ. ಮೊದ್ಲು ಕಿವಿ ಮಂದ ಇರಬೇಕು ಅಂದ್ಕೊಂಡಿದ್ದೆ. ನಿಮ್ಮ ಪೇಪರ್ ಬಂದ್ಮೇಲೆ ಗೊತ್ತಾಯ್ತು, ಕೇಳ್ಸತ್ತೆ, ನಾನು ಬೇಡ ಅಷ್ಟೆ. ಆ ಪೇಪರ್ ಮುಖಕ್ಕೆ ಹಿಡಿದು ಜಗಳ ಆಡಿದೀನಿ. ಹದಿನೈದು ದಿನ ತಂಗಿ ಮನೇಲಿದ್ದು ಬಂದೆ.”

“ಬಿಡೇ, ಇಲ್ಲಿ ಯಾಕೆ,” ಅಂದ ಕ್ರೇನಿನವನು. ಹೆಂಡತಿಯ ಬಾಯಿ ನೋಡಿ, ತುಟಿ ನಿಂತ ಮೇಲೆ, ಅಂದ. ಮೌನಮ್ಮ ಅದನ್ನು ಗಮನಿಸಿದಳು. ಗಮನಿಸಿದ್ದನ್ನು ಕೂಡಲೇ ಪಕ್ಕಕ್ಕೆ ಸರಿಸಿದಳು.

“ಬಿಡೋದೇನು? ಸೋಮವಾರ ಏನಾಯ್ತು ಹೇಳ್ಲಿ ಅವರೇ. ಕೆಳಗಿದ್ದವನು ನಿಲ್ಸು ನಿಲ್ಸು ಅಂತ ಬಡ್ಕೊಂಡ್ರೂ ಇವರು ಕಬ್ಬಿಣದ ತೊಲೆ ಇಳಿಸ್ತಾನೇ ಇದ್ರಂತೆ. ಕಾಲು ಉಳೀತು, ಬೂಟು ಅಪ್ಪಚ್ಚಿ. ಕಂಪನಿಯೋರು ಕೇಳ್ತಾ ಇದಾರೆ, ಕಿವಿ ಸರಿ ಇದ್ದೂ ಕೇಳ್ಲಿಲ್ಲ ಅಂದ್ರೆ ಏನು, ಕುಡಿದಿದ್ರಾ ಅಂತ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದೋರಲ್ಲ ಇವರು.”

ಮೌನಮ್ಮ ಫೈಲು ಎತ್ತಿಕೊಂಡಳು. ಮೌನವಾಗಿರುವುದು ಈಚೆಗೆ ಅವಳಿಗೆ ಸಲೀಸಾಗಿತ್ತು. ಜನ ಅದನ್ನು ದೊಡ್ಡತನ ಎಂದುಕೊಳ್ಳುತ್ತಿದ್ದರು. ಡಾಕ್ಟರ ಕೋಣೆಗೆ ಹೋದರೆ ಅವರು ತಲೆ ಎತ್ತದೆಯೇ ಅಂದರು: “ನಿಮ್ಮ ಟೆಸ್ಟಿನ ಮೇಲೆ ನನಗೆ ಅನುಮಾನ ಇಲ್ಲಮ್ಮ. ಫಾರ್ಮಾಲಿಟಿ. ಅದೇ ಬಂದ್ರೆ ಫಿಟ್ ಅಂತ ಬರೆದು ಕಳಿಸ್ತೀನಿ, ನಾಳೆ ಮೇಲೆ ಹತ್ತಲಿ.” ಮೇಲೆ ಹತ್ತಲಿ. ಆ ಕ್ರೇನು ಎಷ್ಟು ಎತ್ತರವೋ, ಅದರ ಕೊಕ್ಕೆಗೆ ಎಷ್ಟು ಭಾರ ಸಿಕ್ಕಿಸುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಕೆಳಗೆ ನಿಂತವನ ಬೂಟು ಮಾತ್ರ, ಚಪ್ಪಟೆಯಾದ ಬೂಟು, ಕಣ್ಣಿಗೆ ಕಟ್ಟಿತು. ಲೇಸು ಬಿಗಿದೇ ಇತ್ತೇನೋ.

ಕ್ರೇನಿನವನು ಪೆಟ್ಟಿಗೆಯ ಒಳಗೆ ಹೋಗಿ ಕೂತ. ಅವಳು ಅವನ ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು, ಎಷ್ಟೇ ಸಣ್ಣಗೆ ಕೇಳಿದರೂ ಎತ್ತಬೇಕು ಎಂದು ಎಂದಿನ ಮಾತು ಹೇಳಿ, ಹೊರಬಂದು ಗಾಜಿನ ಮುಂದೆ ಮೆಷಿನ್ನಿನ ಹಿಂದೆ ಕೂತಳು. ಕಣ್ಣು ಮುಚ್ಚಿ ಒಂದು ಉಸಿರು. ಇದು ಅವಳೇ ಮಾಡಿಕೊಂಡ ಅಭ್ಯಾಸ: ಒಳಗೆ ಕೂತು ಗಳಿಸಿದ ಶಾಂತಿಯನ್ನು ಕೆಲಸಕ್ಕೂ ತರುವುದು. ಉಸಿರು ಒಳಗೆ, ಹೊರಗೆ, ಬಿಡುವಿನಲ್ಲಿ ಗುಂಡಿ ಒತ್ತುವುದು. ಒಳಗೆ, ಹೊರಗೆ, ಗುಂಡಿ. ಇಪ್ಪತ್ತೈದು ವರ್ಷದ ಸರ್ವಿಸಿನಲ್ಲಿ ಕೆಲಸ ಇಷ್ಟು ನಯವಾಗಿ ಎಂದೂ ಸಾಗಿರಲಿಲ್ಲ. ಮೊದಲೆಲ್ಲ ಒತ್ತಿ, ಕಾದು, ಸಿಡಿಮಿಡಿಗೊಂಡು, ಮತ್ತೆ ಒತ್ತಿ, ಕೇಳಿಸಿತೋ ಇಲ್ಲವೋ ಎಂದು ಅನುಮಾನಿಸುವ ಮುಖಗಳ ಮೇಲೆ ಕಣ್ಣುಬಿಟ್ಟು, ಸಂಜೆಯ ಹೊತ್ತಿಗೆ ಕತ್ತು ಹಿಡಿದುಹೋಗುತ್ತಿತ್ತು. ಈಗ ನೀರಿನಲ್ಲಿ ದೋಣಿ ಹೋದಂತೆ. ಗಾಜಿನಾಚೆ ಬೆರಳು ಎದ್ದಿತು. ಇಳಿಯಿತು. ಸದ್ದನ್ನು ಒಂದು ಮೆಟ್ಟಿಲು ಇಳಿಸಿದಳು, ಬೆರಳು ಎದ್ದಿತು. ಇನ್ನೊಂದು ಮೆಟ್ಟಿಲು, ಎದ್ದಿತು. ಇಪ್ಪತ್ತು ಡೆಸಿಬೆಲ್ಲಿನವರೆಗೆ ಇಳಿದು ನಿಲ್ಲುವುದು ಪದ್ಧತಿ, ಅಷ್ಟು ಸಣ್ಣದು ಕೇಳಿದರೆ ಕೆಲಸಕ್ಕೆ ಸಾಕು. ಬಲಗಿವಿ ಮುಗಿಯಿತು. ಬಂಗಾರ. ಅವಳ ಎದೆಯನ್ನು ಒತ್ತುತ್ತಿದ್ದ ಬೆರಳು ಸ್ವಲ್ಪ ಸಡಿಲವಾಯಿತು. ಮನೆಯಲ್ಲಿ ಗಂಡಹೆಂಡಿರ ನಡುವೆ ಏನಿದೆಯೋ, ಕೂಗಿದವನು ನಿಜಕ್ಕೂ ಕೂಗಿದನೋ ಇಲ್ಲವೋ, ಯಾರು ಕಂಡಿದ್ದಾರೆ.

ಎಡಗಿವಿಯ ಮೊದಲ ಸದ್ದಿಗೆ ಮುನ್ನ ಅವಳ ಗಂಟಲಲ್ಲಿ ಏನೋ ಕೆರೆಯಿತು. ಉಸಿರು ಹೊರಗೆ ಹೋಯಿತು, ಬಿಡುವು ಬಂತು, ಗುಂಡಿಯ ಮೇಲೆ ಕೈ ಹೋಗಲಿಲ್ಲ, ಅವಳು ಕೆಮ್ಮು ತಡೆಯುತ್ತಿದ್ದಳು. ಗಾಜಿನಾಚೆ ಬೆರಳು ಎದ್ದಿತು.

ಅವಳು ಹಾಗೇ ಇದ್ದಳು. ಬೆರಳು ಇಳಿಯಿತು. ನಾಲ್ಕು ತಿಂಗಳ ಹಿಂದಿನ ಅವಳಾಗಿದ್ದರೆ ಗಡಬಡಿಸಿ ಗುಂಡಿ ಒತ್ತಿ ಆ ತೂತನ್ನು ಮುಚ್ಚಿಬಿಡುತ್ತಿದ್ದಳು, ಏನೋ ತಪ್ಪಿ ಎತ್ತಿದ ಎಂದುಕೊಂಡು ಮುಂದಕ್ಕೆ ಹೋಗುತ್ತಿದ್ದಳು. ಈಗ ಕೈ ತಾನಾಗಿಯೇ ಮಡಿಲಿಗೆ ಬಂತು. ಉಸಿರು ಒಳಗೆ, ಹೊರಗೆ, ಬಿಡುವು. ಏನೂ ಒತ್ತಲಿಲ್ಲ. ಬೆರಳು ಎದ್ದಿತು. ಮತ್ತೆ ಒಳಗೆ, ಹೊರಗೆ, ಬಿಡುವು. ಎದ್ದಿತು. ಅವಳು ಚಿಕ್ಕವಳಿದ್ದಾಗ ಅಪ್ಪ ಮುಂಜಾನೆ ಪದ್ಯ ಓದುತ್ತಿದ್ದರು, ರಾಗವಾಗಿ, ಸಾಲಿನ ಕೊನೆಯ ಅಕ್ಷರವನ್ನು ಗಾಳಿಯಲ್ಲಿ ತುಸು ತೇಲಿಬಿಟ್ಟು. ಅವಳು ಕಂಬಕ್ಕೆ ಒರಗಿ ತಲೆದೂಗುತ್ತಿದ್ದಳು, ಕಣ್ಣು ಅರ್ಧ ನಿದ್ದೆಯಲ್ಲಿ. ಒಂದು ದಿನ ಅಪ್ಪ ನಡುಸಾಲಿನಲ್ಲಿ ಫಕ್ಕನೆ ನಿಲ್ಲಿಸಿದರು. ಅವಳ ತಲೆ ತೂಗುತ್ತಲೇ ಇತ್ತು, ಇಲ್ಲದ ಸಾಲಿಗೆ, ಒಂದು ಸಲ, ಎರಡು ಸಲ. ಅಪ್ಪ ಬೈಯಲಿಲ್ಲ. ಪುಸ್ತಕ ಮಡಿಸಿ, “ಮಗಾ, ನೀನು ಕೇಳ್ತಿರೋದು ಪದ್ಯಾನಾ, ತೂಗೋದನ್ನಾ?” ಎಂದು ಮಾತ್ರ ಕೇಳಿದರು. ಆವತ್ತು ಮುಖಕ್ಕೆ ಏರಿದ ಬಿಸಿ ಈಗ ಗಾಜಿನ ಮುಂದೆ, ಐವತ್ತರ ವಯಸ್ಸಿನಲ್ಲಿ, ಹಾಗೆಯೇ ಏರಿತು. ಕ್ರೇನಿನವನ ಕಣ್ಣು ಅವಳ ಕೈಯ ಮೇಲಿರಲಿಲ್ಲ. ಕೈ ಮೆಷಿನ್ನಿನ ಹಿಂದೆ ಮರೆಯಾಗಿತ್ತು. ಅವನ ಕಣ್ಣು ಅವಳ ಭುಜಗಳ ಮೇಲಿತ್ತು. ಏರುವ, ಇಳಿಯುವ, ನಿಲ್ಲುವ ಭುಜಗಳ ಮೇಲೆ.

ಅವನು ಅಲ್ಲಿಂದ ನೋಡಲು ಹೇಗೆ ಸಾಧ್ಯ? ರೋಗಿಯ ಕುರ್ಚಿ ಗಾಜಿಗೆ ಅಡ್ಡವಾಗಿ, ಗೋಡೆಗೆ ಮುಖ ಮಾಡಿ ಇರಬೇಕು, ಪರೀಕ್ಷಿಸುವವರು ಕಾಣಿಸಬಾರದು, ಸದ್ದಿನ ನಡುವಿನ ಬಿಡುವು ಒಂದೇ ಅಳತೆಯಲ್ಲಿರಬಾರದು, ಕಲಿಯುವಾಗ ಮೊದಲ ವಾರವೇ ತಲೆಗೆ ತುಂಬುವ ಪಾಠ ಇದು. ಕುರ್ಚಿಯನ್ನು ಗಾಜಿನ ಕಡೆ ತಿರುಗಿಸಿದ್ದು ಅವಳೇ. ಆ ತೂತುತೂತಿನ ಗೋಡೆ ನೋಡುತ್ತ ಧ್ಯಾನಕ್ಕೆ ಕೂತರೆ ತೂತುಗಳು ಇರುವೆಗಳಂತೆ ಹರಿದಾಡಿ ತಲೆ ತಿರುಗುತ್ತಿತ್ತು. ಗಾಜಿನ ಕಡೆಗಾದರೆ ಕಾರಿಡಾರಿನ ಬೆಳಕು ಮುಚ್ಚಿದ ರೆಪ್ಪೆಯ ಮೇಲೆ ಹಿತವಾಗಿ ಬೀಳುತ್ತಿತ್ತು. ಮೊದಮೊದಲು ಎದ್ದಮೇಲೆ ಮತ್ತೆ ಅಡ್ಡಕ್ಕೆ ತಿರುಗಿಸಿಡುತ್ತಿದ್ದಳು. ಒಂದು ದಿನ ಮರೆತಳು. ಆಮೇಲೆ ಅದು ಮರೆವೂ ಅಲ್ಲ. ಕುರ್ಚಿಯ ಜಾಗವೇ ಅದಾಯಿತು. ನಾಲ್ಕು ತಿಂಗಳು. ದಿನಕ್ಕೆ ಮೂರು, ಕೆಲವೊಮ್ಮೆ ನಾಲ್ಕು ಜನ. ಆ ಗೆರೆಗಳಲ್ಲಿ ಯಾವುದು ಕಿವಿ ಎಳೆದದ್ದು, ಯಾವುದು ಕಣ್ಣು ಎಳೆದದ್ದು?

ಅವಳು ಎದ್ದು ಪೆಟ್ಟಿಗೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಹೆಡ್‌ಫೋನ್ ತೆಗೆದಳು.

“ಏಳಿ. ಕುರ್ಚಿ ತಿರುಗಿಸಬೇಕು.”

ಅವನು ಏಳಲಿಲ್ಲ. ಅವಳ ಬಾಯಿ ನೋಡುತ್ತಿದ್ದ. “ಹೀಗೇ ಇರ್ಲಿ ಮೇಡಂ.”

“ಎಷ್ಟು ದಿನದಿಂದ ಕೇಳ್ತಿಲ್ಲ?”

ಆ ಸದ್ದಿಲ್ಲದ ಕೋಣೆಯಲ್ಲಿ ಅವನ ಉಸಿರೂ ಕೇಳಿಸುತ್ತಿತ್ತು. ಅವನು ಅಂದ: “ದಪ್ಪ ಸದ್ದು ಕೇಳ್ಸತ್ತೆ. ಲಾರಿ, ಮೋಟಾರು, ಅಂಥವು. ಸಣ್ಣದ್ದು ಹೋಗಿ ಏಳೆಂಟು ವರ್ಷ ಆಯ್ತು. ನನ್ನವಳ ಗಂಟಲು ಸಣ್ಣ.” ಅಂಗೈ ಉಜ್ಜಿಕೊಂಡ. “ಹೋದ ಸಲ ಹೇಳ್ಬೇಕು ಅಂತಲೇ ಬಂದಿದ್ದೆ. ಕೂತೆ. ನೀವು ಆ ಕಡೆ ಕೂತು ಅಷ್ಟು ನೆಮ್ಮದಿಯಾಗಿ ಉಸಿರಾಡ್ತಾ ಇದ್ರಿ. ನಾಲ್ಕು ಸಲ ನೋಡೋ ಹೊತ್ತಿಗೆ ಗೊತ್ತಾಗೋಯ್ತು. ಯಾವುದೋ ದೇವರು ಕೈ ಹಿಡಿದ ಅಂದ್ಕೊಂಡೆ. ನೀವು ಕಿವಿ ಬಂಗಾರ ಅಂದ್ರಲ್ಲ, ಮನೆಗೆ ಹೋಗೋ ತನಕ ಅಳು ಬರ್ತಿತ್ತು.”

“ಸೋಮವಾರ ಒಬ್ಬರ ಕಾಲು ಹೋಗ್ತಿತ್ತು.”

“ಗೊತ್ತು. ನಿದ್ದೆ ಮಾಡಿಲ್ಲ.” ಆಮೇಲೆ, ಇನ್ನೂ ಮೆಲ್ಲಗೆ: “ಕೆಳಗೆ ನಾನು ಯಾರೂ ಅಲ್ಲ ಮೇಡಂ. ಮೇಲೆ ಕೂತ್ರೆ ಅಷ್ಟು ದೊಡ್ಡ ತೊಲೇನ ಹೂವಿನ ಥರ ಇಡ್ತೀನಿ.”

ಅವಳಿಗೆ ಅವನ ಭುಜದ ಮೇಲೆ ಕೈಯಿಡಬೇಕೆನಿಸಿತು, ಇಡಲಿಲ್ಲ. ಕುರ್ಚಿಯ ಹಿಂಬದಿ ಹಿಡಿದು ನಿಂತಳು. ಅವನು ಸ್ವಲ್ಪ ಹೊತ್ತು ತನ್ನ ಬೂಟು ನೋಡಿಕೊಂಡು, ತಾನೇ ಎದ್ದು, ತಾನೇ ಕುರ್ಚಿ ಎತ್ತಿ, ಗೋಡೆಗೆ ಮುಖ ಮಾಡಿ ಇಟ್ಟು, ಕೂತ. ಬೆನ್ನಿನ ಒಂದು ಪಕ್ಕ ಅವಳಿಗೆ ಕಾಣುತ್ತಿತ್ತು. ಪರೀಕ್ಷೆ ಮುಕ್ಕಾಲು ಗಂಟೆ ಹಿಡಿಯಿತು. ಅವಳು ಉಸಿರು ಎಣಿಸಲಿಲ್ಲ. ಒಮ್ಮೆ ಬೇಗ ಒತ್ತಿದಳು, ಒಮ್ಮೆ ಎಷ್ಟೋ ಹೊತ್ತು ಕಾದಳು. ಬೆರಳು ಎತ್ತದ ಆ ಬೆನ್ನು, ಸದ್ದು ಜೋರಾಗುತ್ತ ಹೋದಂತೆ ಮುಂದಕ್ಕೆ ಬಾಗುತ್ತ, ಇನ್ನೂ ಬಾಗುತ್ತ, ಗೋಡೆಯೊಳಗಿನಿಂದ ಏನಾದರೂ ಬರುತ್ತದೋ ಎಂದು ಕಾಯುತ್ತಿತ್ತು. ಹಾಳೆಯ ಮೇಲೆ ಕೆಂಪೂ ನೀಲಿಯೂ ಅರ್ಧ ದಾರಿ ಜೊತೆಯಾಗಿ ಬಂದು, ಅಲ್ಲಿಂದ ಬಾವಿಗೆ ಬಿದ್ದವು.

ಡಾಕ್ಟರ ಕೋಣೆಯಲ್ಲಿ ಗಂಡಹೆಂಡಿರಿಬ್ಬರೂ ನಿಂತಿದ್ದರು. ಡಾಕ್ಟರು ಎರಡು ಹಾಳೆಗಳನ್ನೂ ಅಕ್ಕಪಕ್ಕ ಹಿಡಿದು ನೋಡಿದರು.

“ಮೂರು ತಿಂಗಳಲ್ಲಿ ಇಷ್ಟು ಬಿದ್ದಿದೆಯಾ?” ಎಂದರು. “ಯಾರ್ಡಿನ ಸದ್ದು ಇರಬೇಕು. ಒಮ್ಮೊಮ್ಮೆ ದಿಢೀರ್ ಅಂತ ಆಗೋದುಂಟು. ಸರಿ, ಹಾಗೇ ಬರೀತೀನಿ. ಕ್ರೇನು ಬೇಡ, ಕೆಳಗೆ ಏನಾದರೂ ಕೆಲಸ ಕೊಡಲಿ. ಕಿವಿಗೆ ಮೆಷಿನ್ ಹಾಕೋಣ.”

ಬಾಗಿಲು ತೆರೆದಿತ್ತು, ಅಗಲವಾಗಿ. ಅವಳು ಹೊರಗೆ ನಡೆದುಬಿಡಬಹುದಾಗಿತ್ತು. ಇವತ್ತಿನ ಹಾಳೆ ಸತ್ಯವೇ ಆಗಿತ್ತು. ಇವನು ಇನ್ನು ಮೇಲೆ ಹತ್ತುವುದಿಲ್ಲ. ಯಾರ ಕಾಲಿಗೂ ಅಪಾಯವಿಲ್ಲ. ಕುರ್ಚಿ ಅಡ್ಡವಾಗಿಯೇ ಇದೆ, ಇನ್ನು ಅಲುಗಿಸುವುದಿಲ್ಲ. ಸುಮ್ಮನಿದ್ದರೆ ಆಯಿತು. ನಾಲ್ಕು ತಿಂಗಳು ಕಲಿತದ್ದೇ ಸುಮ್ಮನಿರುವುದನ್ನಲ್ಲವೇ. ನಾಲಿಗೆ ಬಾಯೊಳಗೆ ಹಿತವಾಗಿ ಮಲಗಿತ್ತು.

“ಮೂರು ತಿಂಗಳಲ್ಲಿ ಅಂದ್ರೆ?” ಎಂದಳು ಕ್ರೇನಿನವನ ಹೆಂಡತಿ. ಧ್ವನಿ ಇಳಿದಿತ್ತು. “ಹಾಗಾದ್ರೆ ಆಗ ಕೇಳ್ತಿತ್ತು. ನಾನು ಜಗಳ ಆಡಿದ್ದು ಸರೀನೇ ಆಯ್ತಲ್ಲ. ಆಗ ಕೇಳ್ತಿತ್ತು ಇವರಿಗೆ.”

ಅವನಿಗೆ ಇದು ಕೇಳಿಸಿರಲಾರದು. ಆದರೆ ಹೆಂಡತಿಯ ಮುಖ ನೋಡಿದ, ಓದಿಕೊಂಡ, ಆಮೇಲೆ ಮೌನಮ್ಮನ ಕಡೆ ಒಂದೇ ಒಂದು ಸಲ ನೋಡಿ ಕಣ್ಣು ತೆಗೆದ. ಹೇಳಬೇಡಿ ಎಂದಿರಲಿಲ್ಲ ಆ ನೋಟ, ಹೇಳಿ ಎಂದೂ ಇರಲಿಲ್ಲ. ತಪ್ಪೆಲ್ಲ ತನ್ನದೆಂದು ಹೊತ್ತುಕೊಳ್ಳಲು ಭುಜ ಸರಿಮಾಡಿಕೊಂಡವನ ಹಾಗೆ ನಿಂತ.

“ಆಗಲೂ ಕೇಳ್ತಿರಲಿಲ್ಲ,” ಎಂದಳು ಅವಳು. ಮಾತು ಹೊರಬಿದ್ದ ಮೇಲೆ ಅದು ತನ್ನ ಧ್ವನಿ ಎಂದು ಗೊತ್ತಾಯಿತು. “ಏಳೆಂಟು ವರ್ಷದಿಂದ ಕೇಳ್ತಿಲ್ಲ. ನೀವು ಕೂಗಿದ್ದು ಅವರಿಗೆ ಮುಟ್ಟಿಲ್ಲಮ್ಮ. ಆ ಪೇಪರ್ ತಪ್ಪು. ನಾನು ಮಾಡಿದ ತಪ್ಪು.”

“ಕೂತ್ಕೊಳ್ಳಿ,” ಎಂದರು ಡಾಕ್ಟರು.

ಅವಳು ಕೂರಲಿಲ್ಲ. ಕುರ್ಚಿಯ ಸಂಗತಿ ಹೇಳಿದಳು, ಉಸಿರಿನ ಸಂಗತಿ ಹೇಳಿದಳು, ಗಾಜಿನ ಸಂಗತಿ ಹೇಳಿದಳು. ಬಾಯಿಂದ ಹೊರಬಂದಾಗ ಅದು ಎಷ್ಟು ಬಾಲಿಶವಾಗಿತ್ತೆಂದರೆ ಬಾಗಿಲಲ್ಲಿ ನಿಂತಿದ್ದ ಗುಮಾಸ್ತನಿಗೆ ನಗು ಬಂತು, ಮುಚ್ಚಿಕೊಳ್ಳಲು ಕೆಮ್ಮಿದ. ಕ್ರೇನಿನವನು ಅವಳ ಉಸಿರು ನೋಡಿ ಬೇಕೆಂದೇ ಬೆರಳೆತ್ತಿದ್ದನ್ನು ಮಾತ್ರ ಅವಳು ಹೇಳಲಿಲ್ಲ. ಅದು ಅವನು ಹೇಳಬೇಕಾದದ್ದು. ಅವನು ಒಂದು ಹೆಜ್ಜೆ ಮುಂದೆ ಬಂದು, “ನನಗೂ ಗೊತ್ತಿತ್ತು ಸಾರ್,” ಎಂದ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಏನೋ ಅನ್ನಲು ಹೋಗಿ, ತಡೆದು, ಅವನ ಎದುರಿಗೆ ಬಂದು ನಿಂತು, ಅವನಿಗೆ ಕಾಣುವಂತೆ ತುಟಿಯನ್ನು ನಿಧಾನವಾಗಿ ಅಲುಗಿಸಿ ಅಂದಳು: “ಹೇಳ್ಬಾರದಾಗಿತ್ತೇನ್ರೀ ನನಗೆ?” ಅವನು ತಲೆ ಅಲ್ಲಾಡಿಸಿದ. ಹೌದೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

“ಎಷ್ಟು ಜನ?” ಕೇಳಿದರು ಡಾಕ್ಟರು.

“ಮುನ್ನೂರರ ಹತ್ತಿರ.”

“ಎಲ್ಲ ತಪ್ಪಾ?”

“ಗೊತ್ತಿಲ್ಲ ಸಾರ್. ಅದೇ ಗೊತ್ತಿಲ್ಲ. ಎಲ್ಲರನ್ನೂ ಕರೀಬೇಕು.”

ಡಾಕ್ಟರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. ಮೇಲಿನವರಿಗೆ ಬರೆಯಬೇಕಾಗುತ್ತೆ, ಅವರು ಏನು ಮಾಡ್ತಾರೋ ನನ್ನ ಕೈಯಲ್ಲಿಲ್ಲ ಎಂದರು. ಅವಳು ಆಗಲಿ ಅಂದಳು. ಕಾಲು ನಡುಗುತ್ತಿತ್ತು. ಮಹಡಿಯ ಮೇಲೆ ಗಳಿಸಿದ್ದೆಲ್ಲ ಎಲ್ಲಿ ಹೋಯಿತು ಎಂದು ಹುಡುಕಿದರೆ, ಹೋಗಿರಲಿಲ್ಲ. ನಡುಗುವ ಕಾಲನ್ನು ನೋಡುತ್ತ ಯಾರೋ ಅವಳೊಳಗೆ ಅಲುಗದೆ ನಿಂತಿದ್ದರು.

ಗುಮಾಸ್ತ ನಾಲ್ಕು ತಿಂಗಳ ರಿಜಿಸ್ಟರು ತಂದು ಮೇಜಿನ ಮೇಲಿಟ್ಟ. ಮೌನಮ್ಮ ಅನ್ನಲಿಲ್ಲ. “ನಾನು ಅರ್ಧ ಮಾಡ್ಲಾ ಮೇಡಂ?” ಎಂದ, ಬೇರೆ ಕಡೆ ನೋಡುತ್ತ. ನಾನೇ ಮಾಡ್ತೀನಿ ಅಂದಳು. ಮೊದಲ ಪುಟ, ಮೊದಲ ಸಾಲು: ಬಸ್ಸಿನ ಕಂಡಕ್ಟರು, ಐವತ್ತೆರಡು, ಎರಡೂ ಕಿವಿ ಸರಿ. ನಂಬರು ಒತ್ತಿದಳು. ಆ ಕಡೆ ಗಂಟೆ ಹೋಯಿತು, ಹೋಯಿತು, ಯಾರೋ ಎತ್ತಿದರು.

“ಹಲೋ,” ಎಂದಿತು ಗಂಡಸಿನ ಧ್ವನಿ.

“ನಮಸ್ಕಾರ. ಆಸ್ಪತ್ರೆಯ ಕಿವಿ ವಿಭಾಗದಿಂದ ಮಾತಾಡ್ತಿದೀನಿ. ನಿಮ್ಮ ಪರೀಕ್ಷೆ ಮಾಡಿದ್ದು ನಾನೇ. ಅದರಲ್ಲಿ ನನ್ನಿಂದ ಒಂದು ತಪ್ಪಾಗಿದೆ.”

“ಹಲೋ.”

“ಕೇಳಿಸ್ತಿದೆಯಾ? ನನ್ನಿಂದ ತಪ್ಪಾಗಿದೆ. ನೀವು ಇನ್ನೊಂದು ಸಲ ಬರಬೇಕು.”

“ಹಲೋ, ಯಾರು?” ಆಮೇಲೆ ಫೋನು ಕಿವಿಯಿಂದ ದೂರ ಹೋಯಿತು, ಮನೆಯೊಳಗೆ ಯಾರಿಗೋ ಹೇಳುತ್ತಿರುವುದು ಕೇಳಿಸಿತು: “ಯಾರೋ ಫೋನ್ ಮಾಡಿ ಸುಮ್ಮನೆ ಕೂತಿದ್ದಾರೆ ಕಣೇ. ಮಾತೇ ಆಡ್ತಿಲ್ಲ.”

ಸಂಪರ್ಕ ಕಡಿಯಿತು. ಅವಳು ಮತ್ತೆ ಅದೇ ನಂಬರು ಒತ್ತಿದಳು.